ಐಪ್ಯಾಡ್ ಪಾಸ್‌ಕೋಡ್ ಮರೆತುಹೋಯ್ತಾ? ಅಳಿಸೋ ಮೊದಲು ಇದನ್ನು ಓದಿ

ಐಪ್ಯಾಡ್ ಲಾಕ್ ಆಗಿದೆ ಅಂತ ನನ್ನ ಹತ್ತಿರ ಬರುವವರಲ್ಲಿ ಜಾಸ್ತಿ ಜನ ಎರಡು ಸಲ ಬರುತ್ತಾರೆ. ಮೊದಲ ಸಲ ಪಾಸ್‌ಕೋಡ್ ಮರೆತಿರುತ್ತದೆ. ಎರಡನೇ ಸಲ ಬರುವ ಹೊತ್ತಿಗೆ ಯಾವುದೋ ವಿಡಿಯೊ ನೋಡಿ ಐಪ್ಯಾಡನ್ನು ಪೂರ್ತಿ ಅಳಿಸಿರುತ್ತಾರೆ. ಈಗ ಅದು ಆಪಲ್ ಅಕೌಂಟಿನ ಪಾಸ್‌ವರ್ಡ್ ಕೇಳುತ್ತಿರುತ್ತದೆ, ಅದೂ ನೆನಪಿರುವುದಿಲ್ಲ. ಮೊದಲಿದ್ದ ತೊಂದರೆಗಿಂತ ಇದು ದೊಡ್ಡದು.

ಅವರು ಮಾಡಿದ ಒಂದೊಂದು ಹೆಜ್ಜೆಯೂ ಸರಿಯೇ. ಕ್ರಮ ಮಾತ್ರ ತಲೆಕೆಳಗು. ಅದಕ್ಕೇ ಇಲ್ಲಿ ಕ್ರಮಕ್ಕೆ ಒತ್ತು ಕೊಟ್ಟಿದ್ದೇನೆ. ದಯವಿಟ್ಟು ಹಂತ ಹಾರಿಸಬೇಡಿ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಐಪ್ಯಾಡಿನೊಳಗಿನ ಡೇಟಾಗೆ ಹಾಕಿರುವ ಬೀಗದ ಕೀಲಿ ತಯಾರಾಗುವುದೇ ನಿಮ್ಮ ಪಾಸ್‌ಕೋಡ್ ಮತ್ತು ಒಳಗಿನ ಚಿಪ್ ಎರಡೂ ಸೇರಿ. ಪಾಸ್‌ಕೋಡ್ ಹೋದರೆ ಕೀಲಿಯೂ ಹೋದ ಹಾಗೆ. ಹಂತ 1 ಮತ್ತು 2ರಲ್ಲಿ ಹೇಳುವ ಒಂದೆರಡು ಸಂದರ್ಭ ಬಿಟ್ಟರೆ, ಐಪ್ಯಾಡನ್ನು ಅಳಿಸಿ ಹೊಸದರಂತೆ ಶುರು ಮಾಡುವುದೊಂದೇ ದಾರಿ. ಹಾಗಾಗಿ ಅಳಿಸುವ ಮೊದಲು ಎರಡು ಪ್ರಶ್ನೆಗೆ ಉತ್ತರ ಇರಬೇಕು: ಆಪಲ್ ಅಕೌಂಟಿನ ಪಾಸ್‌ವರ್ಡ್ ಗೊತ್ತಿದೆಯಾ? ಬ್ಯಾಕಪ್ ಇದೆಯಾ?

## ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು

ಐಪ್ಯಾಡ್ ಮತ್ತು ಅದರ ಚಾರ್ಜರ್. ಆಪಲ್ ಅಕೌಂಟಿಗೆ ಜೋಡಿಸಿರುವ ಫೋನ್ ನಂಬರಿನ ಸಿಮ್, ಒಟಿಪಿ ಬರುವ ಸ್ಥಿತಿಯಲ್ಲಿ. ಐಪ್ಯಾಡ್ ಕೊಂಡಾಗಿನ ಬಿಲ್. ಇನ್ನೊಂದು ಫೋನ್. ಇಷ್ಟರಲ್ಲೇ ಹೆಚ್ಚಿನವರ ಕೆಲಸ ಮುಗಿಯುತ್ತದೆ.

ಹಂತ 6ರ ತನಕ ಹೋಗಬೇಕಾದರೆ ಕಂಪ್ಯೂಟರ್ ಬೇಕು, ವಿಂಡೋಸ್ ಆದರೂ ಸರಿ, ಮ್ಯಾಕ್ ಆದರೂ ಸರಿ. ಜೊತೆಗೆ ಡೇಟಾ ಹೋಗುವ ಕೇಬಲ್ ಬೇಕು. ಕಡಿಮೆ ಬೆಲೆಗೆ ಸಿಗುವ ಕೆಲವು ಕೇಬಲ್‌ಗಳಲ್ಲಿ ಚಾರ್ಜ್ ಮಾತ್ರ ಆಗುತ್ತದೆ, ಡೇಟಾ ಹೋಗುವುದಿಲ್ಲ. ಐಪ್ಯಾಡಿನ ಪೆಟ್ಟಿಗೆಯಲ್ಲೇ ಬಂದ ಕೇಬಲ್ ಇದ್ದರೆ ಅದನ್ನೇ ಹುಡುಕಿ ತನ್ನಿ.

## ಹಂತ 1: ಒತ್ತುವುದನ್ನು ನಿಲ್ಲಿಸಿ, ಯಾವ ಲಾಕ್ ಅಂತ ನೋಡಿ

ತಪ್ಪು ಪಾಸ್‌ಕೋಡ್ ಹಾಕುತ್ತಾ ಹೋದ ಹಾಗೆ ಐಪ್ಯಾಡ್ ಕಾಯಿಸುವ ಹೊತ್ತು ಬೆಳೆಯುತ್ತದೆ. ಮೊದಲು 1 ನಿಮಿಷ, ಆಮೇಲೆ 5, ಆಮೇಲೆ 15, ಅಲ್ಲಿಂದ ಮುಂದೆ ಗಂಟೆಗಳ ಲೆಕ್ಕ. ಹತ್ತು ಸಲ ತಪ್ಪಿದರೆ ಮತ್ತೆ ಹಾಕಲು ಅವಕಾಶವೇ ಇರುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ 'ಇರೇಸ್ ಡೇಟಾ' ಆನ್ ಮಾಡಿಟ್ಟಿದ್ದರೆ ಹತ್ತನೇ ತಪ್ಪಿಗೆ ಎಲ್ಲವೂ ತಾನಾಗೇ ಅಳಿಸಿಹೋಗುತ್ತದೆ. ನೆನಪಿಗೆ ಬಂದದ್ದನ್ನೆಲ್ಲ ಸುಮ್ನೆ ಒತ್ತಬೇಡಿ. ಒಂದು ಹಾಳೆ ತಗೊಂಡು ಸಾಧ್ಯ ಇರುವ ಅಂಕಿಗಳನ್ನು ಬರೆಯಿರಿ, ಹಾಕಿದ್ದಕ್ಕೆ ಗೆರೆ ಎಳೆಯಿರಿ.

ನಿಜಕ್ಕೂ ಕೇಳುತ್ತಿರುವುದು ಪಾಸ್‌ಕೋಡೇನಾ ಅಂತಲೂ ನೋಡಿ. ಐಪ್ಯಾಡ್ ತೆರೆಯುತ್ತದೆ, ಆದರೆ ಯಾವುದೋ ಆ್ಯಪಿಗೆ ನಾಲ್ಕು ಅಂಕಿ ಕೇಳುತ್ತದೆ ಅಂದರೆ ಅದು ಸ್ಕ್ರೀನ್ ಟೈಮ್ ಪಾಸ್‌ಕೋಡ್. ಮಕ್ಕಳಿಗೆ ಅಂತ ಹಾಕಿ ಮರೆತಿರುತ್ತೀರಿ. ಅದನ್ನು ಆಪಲ್ ಅಕೌಂಟ್ ಮೂಲಕ ಬದಲಿಸಬಹುದು, ಏನನ್ನೂ ಅಳಿಸಬೇಕಿಲ್ಲ. 'ಸಿಮ್ ಪಿನ್' ಅಂತ ಬಂದರೆ ಅದು ಸಿಮ್ಮಿನ ಬೀಗ. ಅದಕ್ಕೆ ಸಿಮ್ ಕಂಪನಿಯಿಂದ ಪಿಯುಕೆ ನಂಬರ್ ಕೇಳಿ ಪಡೆಯಬೇಕು, ಊಹಿಸಿ ಹಾಕುತ್ತಾ ಹೋದರೆ ಸಿಮ್ಮೇ ಕೆಡಬಹುದು.

ಶಾಲೆಯಿಂದಲೋ ಆಫೀಸಿನಿಂದಲೋ ಕೊಟ್ಟ ಐಪ್ಯಾಡ್ ಆಗಿದ್ದರೆ ಇಲ್ಲಿಗೇ ನಿಲ್ಲಿಸಿ. ಅಲ್ಲಿನ ಐಟಿ ವಿಭಾಗದವರ ಹಿಡಿತದಲ್ಲಿ ಅದು ಇದ್ದರೆ, ಪಾಸ್‌ಕೋಡನ್ನು ದೂರದಿಂದಲೇ ತೆಗೆಯಬಲ್ಲರು, ಡೇಟಾನೂ ಉಳಿಯುತ್ತದೆ. ನೀವಾಗೇ ಅಳಿಸಿದರೆ ಆ ಅವಕಾಶ ಕಳೆದುಕೊಳ್ಳುತ್ತೀರಿ.

## ಹಂತ 2: ಡೇಟಾ ಉಳಿಸಿಕೊಳ್ಳುವ ಎರಡು ಅವಕಾಶ

ಮೊದಲನೆಯದು: ಪಾಸ್‌ಕೋಡ್ ಬದಲಿಸಿ ಇನ್ನೂ 72 ಗಂಟೆ ಆಗಿಲ್ಲ ಅಂದರೆ ಹಳೆಯ ಪಾಸ್‌ಕೋಡ್ ನಿಮ್ಮನ್ನು ಉಳಿಸುತ್ತದೆ. ಇದು ಐಪ್ಯಾಡ್‌ಒಎಸ್ (ಐಪ್ಯಾಡನ್ನು ನಡೆಸುವ ಸಾಫ್ಟ್‌ವೇರ್) 17 ಮತ್ತು ಆಮೇಲಿನವುಗಳಲ್ಲಿ ಮಾತ್ರ. ತಪ್ಪು ಪಾಸ್‌ಕೋಡ್ ಹಾಕಿ ಲಾಕ್ ಆದಾಗ ಕೆಳಗೆ 'ಫರ್ಗಾಟ್ ಪಾಸ್‌ಕೋಡ್' ಕಾಣುತ್ತದೆ. ಅದನ್ನು ಒತ್ತಿ, 'ಎಂಟರ್ ಪ್ರೀವಿಯಸ್ ಪಾಸ್‌ಕೋಡ್' ಆರಿಸಿ, ಹಳೆಯದನ್ನು ಹಾಕಿ, ಹೊಸದನ್ನು ಇಟ್ಟುಕೊಳ್ಳಿ. ರಾತ್ರಿ ಪಾಸ್‌ಕೋಡ್ ಬದಲಿಸಿ ಬೆಳಿಗ್ಗೆ ಮರೆತವರು ತುಂಬಾ ಜನ, ಅಲ್ವಾ? ಅವರೆಲ್ಲರಿಗೂ ಇದು ಸಾಕು.

ಎರಡನೆಯದು: ಪಾಸ್‌ಕೋಡ್ ಮರೆತಿದೆ, ಆದರೆ ಬೆರಳೋ ಮುಖವೋ ತೋರಿಸಿದರೆ ಐಪ್ಯಾಡ್ ಇನ್ನೂ ತೆರೆಯುತ್ತಿದೆ. ಇದು ಚಿನ್ನದಂಥ ಸಮಯ, ಆದರೆ ಬಹಳ ಹೊತ್ತು ಇರುವುದಿಲ್ಲ. ಐಪ್ಯಾಡ್ ಆಫ್ ಮಾಡಿ ಆನ್ ಮಾಡಿದರೆ ಪಾಸ್‌ಕೋಡ್ ಬೇಕೇ ಬೇಕು. 48 ಗಂಟೆ ತೆರೆಯದೇ ಇಟ್ಟರೂ ಕೇಳುತ್ತದೆ. ಬೆರಳೋ ಮುಖವೋ ಐದು ಸಲ ಹೊಂದದಿದ್ದರೂ ಕೇಳುತ್ತದೆ. ಪಾಸ್‌ಕೋಡನ್ನೇ ಹಾಕದೆ ಆರೂವರೆ ದಿನ ಕಳೆದರೆ, ಅಲ್ಲಿಂದ ಮುಂದೆ ನಾಲ್ಕು ಗಂಟೆ ಮುಟ್ಟದೇ ಬಿಟ್ಟರೂ ಕೇಳುತ್ತದೆ.

ಹಾಗಾಗಿ ಈ ಕ್ಷಣವೇ ಒಳಗೆ ಹೋಗಿ. ಸೆಟ್ಟಿಂಗ್ಸ್ ತೆರೆದು, ಮೇಲಿನ ನಿಮ್ಮ ಹೆಸರನ್ನು ಒತ್ತಿ, ಅಲ್ಲಿರುವ ಇಮೇಲ್ ವಿಳಾಸ ಬರೆದಿಟ್ಟುಕೊಳ್ಳಿ. ಆಮೇಲೆ ಐಕ್ಲೌಡ್ (ಆಪಲ್‌ನ ಆನ್‌ಲೈನ್ ಸಂಗ್ರಹ), ಅದರೊಳಗೆ ಐಕ್ಲೌಡ್ ಬ್ಯಾಕಪ್, ಅದರೊಳಗೆ 'ಬ್ಯಾಕಪ್ ನೌ'. ಜಾಗ ಸಾಲದು ಅಂದರೆ ಮುಖ್ಯ ಫೋಟೊ, ನೋಟ್ಸ್, ಪಿಡಿಎಫ್‌ಗಳನ್ನು ಏರ್‌ಡ್ರಾಪ್ ಮೂಲಕ ಇನ್ನೊಂದು ಐಫೋನಿಗೋ, ಗೂಗಲ್ ಡ್ರೈವ್‌ಗೋ ಕಳಿಸಿ. ಬೆರಳಿನಿಂದ ಒಳಗೆ ಹೋದರೂ ಪಾಸ್‌ಕೋಡ್ ಬದಲಿಸಲು ಆಗುವುದಿಲ್ಲ, ಹಳೆಯದನ್ನು ಕೇಳೇ ಕೇಳುತ್ತದೆ. ಅದರಲ್ಲಿ ಹೊತ್ತು ಕಳೆಯಬೇಡಿ.

## ಹಂತ 3: ಆಪಲ್ ಅಕೌಂಟ್ ಸರಿಮಾಡಿಕೊಳ್ಳಿ

ಸೋಲುವವರೆಲ್ಲ ಸೋಲುವುದು ಇಲ್ಲೇ. ಐಪ್ಯಾಡಿನಲ್ಲಿ, ಕಳೆದರೆ ಹುಡುಕಲು ಇರುವ 'ಫೈಂಡ್ ಮೈ' ಆನ್ ಇದ್ದರೆ, ಅಳಿಸಿದ ಮೇಲೂ ಅದು ಹಳೆಯ ಅಕೌಂಟಿನ ಇಮೇಲ್ ಮತ್ತು ಪಾಸ್‌ವರ್ಡ್ ಕೇಳುತ್ತದೆ. ಇದಕ್ಕೆ ಆಕ್ಟಿವೇಶನ್ ಲಾಕ್ ಅನ್ನುತ್ತಾರೆ. ಕದ್ದವರಿಗೆ ಐಪ್ಯಾಡ್ ಉಪಯೋಗಕ್ಕೆ ಬಾರದಿರಲಿ ಅಂತ ಮಾಡಿದ್ದು. ಪಾಸ್‌ವರ್ಡ್ ಮರೆತ ಮಾಲೀಕರನ್ನೂ ಅದು ಹೊರಗೇ ನಿಲ್ಲಿಸುತ್ತದೆ.

ಮೊದಲು, ಯಾವ ಇಮೇಲ್ ಅಂತ ಖಾತ್ರಿ ಮಾಡಿಕೊಳ್ಳಿ. ನಿಮ್ಮ ಇಮೇಲ್‌ಗಳಲ್ಲಿ ಆಪಲ್‌ನಿಂದ ಬಂದ ರಸೀದಿ ಹುಡುಕಿ. ಯಾವ ಇಮೇಲಿಗೆ ಬಂದಿದೆಯೋ ಸಾಮಾನ್ಯವಾಗಿ ಅದೇ ಅಕೌಂಟ್. ಆಮೇಲೆ ಇನ್ನೊಂದು ಫೋನಿನ ಬ್ರೌಸರಿನಲ್ಲಿ ಐಕ್ಲೌಡ್ ಡಾಟ್ ಕಾಮ್‌ಗೆ ಹೋಗಿ ಆ ಇಮೇಲ್, ಪಾಸ್‌ವರ್ಡ್ ಹಾಕಿ ನೋಡಿ. ಒಳಗೆ ಬಿಟ್ಟಿತಾ? ಹಾಗಾದರೆ ಹಂತ 4ಕ್ಕೆ ಹೋಗಿ.

ಬಿಡಲಿಲ್ಲ ಅಂದರೆ ಐಫರ್ಗಾಟ್ ಡಾಟ್ ಆಪಲ್ ಡಾಟ್ ಕಾಮ್ ಎಂಬ ಆಪಲ್ ಪುಟದಲ್ಲಿ ಪಾಸ್‌ವರ್ಡ್ ಬದಲಿಸಿ. ಮನೆಯಲ್ಲಿ ಯಾರದ್ದಾದರೂ ಐಫೋನ್ ಇದ್ದರೆ ಇನ್ನೂ ಸುಲಭ. ಅದರಲ್ಲಿ 'ಆಪಲ್ ಸಪೋರ್ಟ್' ಆ್ಯಪ್ ಹಾಕಿಕೊಂಡು, ಬೇರೆಯವರಿಗೆ ಸಹಾಯ ಮಾಡುವ ಆಯ್ಕೆಯಿಂದ ನಿಮ್ಮ ಅಕೌಂಟಿನ ಪಾಸ್‌ವರ್ಡ್ ಬದಲಿಸಬಹುದು. ಎರಡರಲ್ಲೂ ಅಕೌಂಟಿಗೆ ಜೋಡಿಸಿದ ಫೋನ್ ನಂಬರ್ ಕೇಳುತ್ತದೆ. ಆ ಸಿಮ್ ಕಳೆದಿದ್ದರೆ ಮೊದಲು ಸಿಮ್ ಕಂಪನಿಯ ಅಂಗಡಿಗೆ ಹೋಗಿ ಅದೇ ನಂಬರಿಗೆ ಬದಲಿ ಸಿಮ್ ತಗೊಳ್ಳಿ. ನಂಬರ್ ಇಲ್ಲದೆ ಮುಂದುವರಿಯುವುದಕ್ಕಿಂತ ಅದು ಎಷ್ಟೋ ಬೇಗ ಆಗುವ ಕೆಲಸ.

ನಂಬರೂ ಸಿಗುವ ಹಾಗಿಲ್ಲ ಅಂದಾಗ ಉಳಿಯುವುದು ಅಕೌಂಟ್ ರಿಕವರಿ. ಅರ್ಜಿ ಹಾಕಿ ಕಾಯಬೇಕು, ಕೆಲವು ದಿನ ಹಿಡಿಯಬಹುದು, ಕೆಲವೊಮ್ಮೆ ಇನ್ನೂ ಜಾಸ್ತಿ. ಆಪಲ್‌ಗೆ ಫೋನ್ ಮಾಡಿದರೂ ಆ ಹೊತ್ತು ಕಡಿಮೆ ಆಗುವುದಿಲ್ಲ. ಕಾಯುವ ದಿನಗಳಲ್ಲಿ ಅದೇ ಅಕೌಂಟ್ ಇರುವ ಬೇರೆ ಫೋನ್ ಬಳಸಬೇಡಿ. ಬಳಸಿದರೆ ಅರ್ಜಿ ರದ್ದಾಗಿ ಮೊದಲಿಂದ ಶುರು ಮಾಡಬೇಕಾಗುತ್ತದೆ.

ನಮ್ಮ ಕಡೆ ಪದೇ ಪದೇ ನೋಡುವ ಇನ್ನೊಂದು ಕಷ್ಟ ಇದೆ. ನಮ್ಮ ಮಾವ ಐಪ್ಯಾಡ್ ಕೊಂಡಾಗ ಅಂಗಡಿಯ ಹುಡುಗನೇ ಕೂತು ಅಕೌಂಟ್ ಮಾಡಿಕೊಟ್ಟಿದ್ದ. ಯಾವುದೋ ಹೊಸ ಇಮೇಲ್, ಯಾವುದೋ ಪಾಸ್‌ವರ್ಡ್. ಮಾವನಿಗೆ ಎರಡೂ ಹೇಳಿರಲಿಲ್ಲ. ಎರಡು ವರ್ಷದ ನಂತರ ನಾವು ಹೋದಾಗ ಆ ಹುಡುಗ ಕೆಲಸ ಬಿಟ್ಟಾಗಿತ್ತು. ಉಳಿಸಿದ್ದು ಬಿಲ್. ಮಾವ ಅದನ್ನು ಪೆಟ್ಟಿಗೆಯಲ್ಲೇ ಮಡಚಿ ಇಟ್ಟಿದ್ದರು, ಅದರ ಮೇಲೆ ಸೀರಿಯಲ್ ನಂಬರ್ ಅಚ್ಚಾಗಿತ್ತು. ಅಂಥ ಬಿಲ್ ಇದ್ದರೆ ಆಕ್ಟಿವೇಶನ್ ಲಾಕ್ ತೆಗೆಯಲು ಆಪಲ್ ಸಪೋರ್ಟ್‌ಗೆ ಅರ್ಜಿ ಹಾಕಬಹುದು. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಅಥವಾ ಐಎಂಇಐ ಇರಲೇಬೇಕು. ಬರೀ 'ಐಪ್ಯಾಡ್ 1' ಅಂತ ಕೈಯಲ್ಲಿ ಬರೆದುಕೊಟ್ಟ ಚೀಟಿ ನಡೆಯುವುದಿಲ್ಲ.

ಸೆಕೆಂಡ್ ಹ್ಯಾಂಡ್ ಕೊಂಡಿದ್ದು, ಮಾರಿದವರ ಅಕೌಂಟೇ ಒಳಗಿದೆ ಅಂದರೆ ಅವರಿಗೇ ಫೋನ್ ಮಾಡಿ. ಅವರು ತಮ್ಮ ಮನೆಯಲ್ಲೇ ಕೂತು ಐಕ್ಲೌಡ್ ಡಾಟ್ ಕಾಮ್‌ನ 'ಫೈಂಡ್ ಡಿವೈಸಸ್' ಪುಟದಿಂದ ಐಪ್ಯಾಡನ್ನು ಅಳಿಸಿ, ತಮ್ಮ ಅಕೌಂಟಿನಿಂದ ತೆಗೆಯಬಹುದು. ಅವರು ಪಾಸ್‌ವರ್ಡ್ ನಿಮಗೆ ಹೇಳಬೇಕಾಗಿಲ್ಲ.

## ಹಂತ 4: ಬ್ಯಾಕಪ್ ಇದೆಯಾ ಅಂತ ನೋಡಿ, ಒಂದು ರಾತ್ರಿ ಕಾಯಿರಿ

ಅದೇ ಅಕೌಂಟ್ ಇರುವ ಇನ್ನೊಂದು ಐಫೋನ್ ಇದ್ದರೆ ಅದರ ಸೆಟ್ಟಿಂಗ್ಸ್‌ನಲ್ಲಿ ಐಕ್ಲೌಡ್ ಸ್ಟೋರೇಜ್ ಒಳಗೆ ಬ್ಯಾಕಪ್‌ಗಳ ಪಟ್ಟಿ ಕಾಣುತ್ತದೆ. ಐಪ್ಯಾಡಿನ ಹೆಸರು, ಕೊನೆಯ ಬ್ಯಾಕಪ್ ತಾರೀಖು ಅಲ್ಲಿರುತ್ತದೆ. ಐಫೋನ್ ಇಲ್ಲದಿದ್ದರೆ ಐಕ್ಲೌಡ್ ಡಾಟ್ ಕಾಮ್‌ಗೆ ಹೋಗಿ ಫೋಟೊ, ನೋಟ್ಸ್, ಕಾಂಟ್ಯಾಕ್ಟ್ಸ್ ಬಂದಿವೆಯಾ ಅಂತಾದರೂ ನೋಡಿ. ಅಲ್ಲಿ ಕಂಡದ್ದು ಅಳಿಸಿದ ಮೇಲೂ ಉಳಿಯುತ್ತದೆ.

ಇಲ್ಲೊಂದು ಒಳ್ಳೆಯ ವಿಷಯ ಇದೆ. ಐಕ್ಲೌಡ್ ಬ್ಯಾಕಪ್ ಆನ್ ಮಾಡಿಟ್ಟಿದ್ದರೆ, ಚಾರ್ಜಿಗೆ ಹಾಕಿ, ಮನೆಯ ವೈಫೈ ಇದ್ದು, ಲಾಕ್ ಆಗಿರುವಾಗಲೇ ಅದು ತಾನಾಗೇ ನಡೆಯುವುದು. ಅಂದರೆ ಪಾಸ್‌ಕೋಡ್ ಮರೆತಿದ್ದರೂ ನಡೆಯುವ ಸಾಧ್ಯತೆ ಇದೆ. ಅಳಿಸುವ ಹಿಂದಿನ ರಾತ್ರಿ ಐಪ್ಯಾಡನ್ನು ಚಾರ್ಜಿಗೆ ಹಾಕಿ ವೈಫೈ ಹತ್ತಿರ ಇಡಿ. ಬೆಳಿಗ್ಗೆ ತಾರೀಖು ಬದಲಾಗಿದ್ದರೆ ನಿಮ್ಮ ಅದೃಷ್ಟ. ಪುಕ್ಕಟೆ ಸಿಗುವ 5 ಜಿಬಿ ತುಂಬಿಹೋಗಿದ್ದರೆ ಮಾತ್ರ ಬ್ಯಾಕಪ್ ಆಗುವುದಿಲ್ಲ.

ಒಂದು ಎಚ್ಚರಿಕೆ: ಐಪ್ಯಾಡನ್ನು ಆಫ್ ಮಾಡಿ ಆನ್ ಮಾಡಬೇಡಿ. ಆಫ್ ಆಗಿ ಆನ್ ಆದ ಮೇಲೆ, ಒಮ್ಮೆ ಪಾಸ್‌ಕೋಡ್ ಹಾಕುವ ತನಕ ವೈಫೈ ಪಾಸ್‌ವರ್ಡೂ ಬೀಗದೊಳಗೇ ಇರುತ್ತದೆ. ವೈಫೈ ಸೇರಲಾಗದೆ ಬ್ಯಾಕಪ್ಪೂ ಇಲ್ಲ, ಮುಂದಿನ ಹಂತವೂ ಇಲ್ಲ ಅನ್ನುವಂತಾಗುತ್ತದೆ. 'ಒಂದ್ಸಲ ರೀಸ್ಟಾರ್ಟ್ ಮಾಡಿ ನೋಡು' ಅಂತ ಎಲ್ಲರೂ ಹೇಳುತ್ತಾರೆ. ಈ ವಿಷಯದಲ್ಲಿ ಆ ಮಾತು ಕೇಳಬೇಡಿ.

## ಹಂತ 5: ಲಾಕ್ ಸ್ಕ್ರೀನಿನಿಂದಲೇ ಅಳಿಸುವುದು

ಐಪ್ಯಾಡ್‌ಒಎಸ್ 15.2 ಮತ್ತು ಆಮೇಲಿನದು ಇದ್ದರೆ ಕಂಪ್ಯೂಟರ್ ಬೇಕಾಗುವುದಿಲ್ಲ. ಐಪ್ಯಾಡ್ ವೈಫೈಯಲ್ಲಿರಬೇಕು, ಅಥವಾ ಸಿಮ್ ಇರುವ ಐಪ್ಯಾಡಾದರೆ ಮೊಬೈಲ್ ಡೇಟಾ ಇರಬೇಕು.

'ಐಪ್ಯಾಡ್ ಅನ್‌ಅವೇಲಬಲ್' ಅಥವಾ 'ಸೆಕ್ಯುರಿಟಿ ಲಾಕ್‌ಔಟ್' ಅನ್ನುವ ಪರದೆ ಬರುವ ತನಕ ತಪ್ಪು ಪಾಸ್‌ಕೋಡ್ ಹಾಕಿ. ಕೆಳಗಿನ ಮೂಲೆಯಲ್ಲಿ 'ಫರ್ಗಾಟ್ ಪಾಸ್‌ಕೋಡ್' ಕಾಣುತ್ತದೆ. ಸ್ವಲ್ಪ ಹಳೆಯ ಐಪ್ಯಾಡ್‌ಒಎಸ್‌ನಲ್ಲಿ 'ಇರೇಸ್ ಐಪ್ಯಾಡ್' ಅಂತಿರುತ್ತದೆ. ಅದನ್ನು ಒತ್ತಿ, ಆಮೇಲೆ 'ಸ್ಟಾರ್ಟ್ ಐಪ್ಯಾಡ್ ರೀಸೆಟ್' ಒತ್ತಿ, ಆಪಲ್ ಅಕೌಂಟಿನ ಪಾಸ್‌ವರ್ಡ್ ಹಾಕಿ. ಅಲ್ಲಿಂದ ಮುಂದೆ ಅದು ತಾನಾಗೇ ಅಳಿಸಿಕೊಂಡು ಹೊಸದಾಗಿ ಆನ್ ಆಗುತ್ತದೆ.

ಆ ಬರಹ ಕಾಣಲೇ ಇಲ್ಲವೆಂದರೆ ಐಪ್ಯಾಡ್‌ಒಎಸ್ ಹಳೆಯದು. ಕಂಡರೂ ಮುಂದಕ್ಕೆ ಹೋಗದಿದ್ದರೆ ಇಂಟರ್ನೆಟ್ ಇಲ್ಲ. ಇಂಟರ್ನೆಟ್ ಇದ್ದು ಬರಹ ಮಾತ್ರ ಇಲ್ಲದಿದ್ದರೆ, ಇನ್ನೊಂದು ಫೋನಿನಿಂದ ಐಕ್ಲೌಡ್ ಡಾಟ್ ಕಾಮ್‌ನ 'ಫೈಂಡ್ ಡಿವೈಸಸ್' ತೆರೆದು ಅಲ್ಲಿಂದಲೂ ಅಳಿಸಬಹುದು. ಆ ಪುಟಕ್ಕೆ ಪಾಸ್‌ವರ್ಡ್ ಸಾಕು, ಆರಂಕಿಯ ಕೋಡ್ ಬೇಕಿಲ್ಲ. ಕೋಡ್ ಬರುವುದೇ ಲಾಕ್ ಆದ ಐಪ್ಯಾಡಿಗೆ ಅನ್ನುವವರಿಗೆ ಇದು ದೊಡ್ಡ ಅನುಕೂಲ.

## ಹಂತ 6: ಕಂಪ್ಯೂಟರಿಗೆ ಹಾಕಿ ಅಳಿಸುವುದು

ಮೇಲಿನದು ಯಾವುದೂ ಆಗದಿದ್ದಾಗ ಮಾತ್ರ ಇಲ್ಲಿಗೆ ಬನ್ನಿ. ಹಂತ 3 ಮುಗಿಯದೆ ಖಂಡಿತ ಬರಬೇಡಿ.

6.1 ಕಂಪ್ಯೂಟರ್ ತಯಾರಿ. ವಿಂಡೋಸ್ ಆದರೆ 'ಆಪಲ್ ಡಿವೈಸಸ್' ಅಥವಾ ಐಟ್ಯೂನ್ಸ್ ಹಾಕಿಕೊಳ್ಳಿ. ಮ್ಯಾಕ್‌ಒಎಸ್ ಕ್ಯಾಟಲೀನಾ ಮತ್ತು ಆಮೇಲಿನವುಗಳಲ್ಲಿ ಫೈಂಡರ್ ಸಾಕು. ಐಪ್ಯಾಡಿನ ಸಾಫ್ಟ್‌ವೇರ್ ಹಲವು ಜಿಬಿಯ ಡೌನ್‌ಲೋಡ್ ಇರುತ್ತದೆ. ದಿನಕ್ಕೆ 1.5 ಜಿಬಿ ಪ್ಯಾಕಿನ ಮೊಬೈಲ್ ಹಾಟ್‌ಸ್ಪಾಟ್ ಅರ್ಧ ದಾರಿಯಲ್ಲಿ ಕೈಕೊಡುತ್ತದೆ. ಒಳ್ಳೆಯ ವೈಫೈ ಇರುವ ಕಡೆ ಕೂತುಕೊಳ್ಳಿ.

6.2 ಐಪ್ಯಾಡ್ ಪೂರ್ತಿ ಆಫ್. ಕೇಬಲ್ ಹಾಕಿದ್ದರೆ ತೆಗೆಯಿರಿ. ಹೋಮ್ ಬಟನ್ ಇದ್ದರೆ ಮೇಲಿನ ಬಟನ್ ಒತ್ತಿ ಹಿಡಿಯಿರಿ. ಹೋಮ್ ಬಟನ್ ಇಲ್ಲದಿದ್ದರೆ ಮೇಲಿನ ಬಟನ್ ಜೊತೆ ಒಂದು ವಾಲ್ಯೂಮ್ ಬಟನ್ ಹಿಡಿಯಿರಿ. ಆಫ್ ಮಾಡುವ ಸ್ಲೈಡರ್ ಬಂದಾಗ ಎಳೆದು, ಒಂದು ನಿಮಿಷ ಸುಮ್ಮನಿರಿ. ಪರದೆ ಕಪ್ಪಾದ ತಕ್ಷಣ ಅದು ಆಫ್ ಆಗಿರುವುದಿಲ್ಲ.

6.3 ರಿಕವರಿ ಮೋಡ್. ಕಂಪ್ಯೂಟರಿನಿಂದ ಐಪ್ಯಾಡನ್ನು ಅಳಿಸಲು ಬಿಡುವ ಸ್ಥಿತಿ ಇದು. ಹೋಮ್ ಬಟನ್ ಇರುವ ಐಪ್ಯಾಡಿನಲ್ಲಿ ಹಿಡಿಯಬೇಕಾದದ್ದು ಹೋಮ್ ಬಟನ್. ಇಲ್ಲದಿದ್ದರೆ ಮೇಲಿನ ಬಟನ್. 2022ರ 10ನೇ ಪೀಳಿಗೆಯ ಐಪ್ಯಾಡಿನಲ್ಲಿ ಬೆರಳಿಡುವ ಜಾಗ ಮೇಲಿನ ಬಟನ್ನಿನಲ್ಲೇ ಇದೆ. ಬೆರಳಚ್ಚು ಇದೆ ಅಂದಮಾತ್ರಕ್ಕೆ ಅದನ್ನು ಹೋಮ್ ಬಟನ್ ಅಂದುಕೊಳ್ಳಬೇಡಿ. ಬಟನ್ ಹಿಡಿದುಕೊಂಡೇ ಕೇಬಲ್ಲನ್ನು ಕಂಪ್ಯೂಟರಿಗೆ ಸಿಕ್ಕಿಸಿ. ಪರದೆಯಲ್ಲಿ ಕಂಪ್ಯೂಟರ್ ಮತ್ತು ಕೇಬಲ್ಲಿನ ಚಿತ್ರ ಮೂಡುವ ತನಕ ಬೆರಳು ತೆಗೆಯಬೇಡಿ.

ನಮ್ಮ ಅತ್ತಿಗೆಯ ಐಪ್ಯಾಡನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಇದನ್ನು ಮಾಡುವಾಗ ಎರಡು ಸಲ ತಪ್ಪಿತು. ಕಪ್ಪು ಪರದೆಯ ಮೇಲೆ ಆಪಲ್ ಗುರುತು ಬೆಳ್ಳಗೆ ಕಂಡ ಕೂಡಲೇ 'ಬಂತು' ಅಂತ ಅತ್ತಿಗೆ ಬೆರಳು ಎತ್ತುತ್ತಿದ್ದರು. ಮತ್ತೆ ಅದೇ ಪಾಸ್‌ಕೋಡ್ ಪರದೆ. ಮೂರನೇ ಸಲ ನಾನು ಕೇಬಲ್ ಸಿಕ್ಕಿಸಿದೆ, ಅವರು ಬಟನ್ ಮಾತ್ರ ಹಿಡಿದರು. ಗುರುತು ಬಂದರೂ ಬಿಡಲಿಲ್ಲ. ಇನ್ನೂ ಕೆಲವು ಸೆಕೆಂಡ್ ಆದ ಮೇಲೆ ಗುರುತು ಹೋಗಿ ಕೇಬಲ್ಲಿನ ಚಿತ್ರ ಬಂತು. ನೀವೂ ಸಾಧ್ಯವಾದರೆ ಇಬ್ಬರು ಸೇರಿ ಮಾಡಿ. ಪಾಸ್‌ಕೋಡ್ ಪರದೆ ಬಂದರೆ ಗಾಬರಿ ಬೇಡ, ಆಫ್ ಮಾಡಿ 6.2ರಿಂದ ಮತ್ತೆ ಶುರು ಮಾಡಿ.

ಬಟನ್ ಹಿಡಿಯದೆ ಬರೀ ಕೇಬಲ್ ಹಾಕಿ ಕಾದರೆ ಕಂಪ್ಯೂಟರ್ ಐಪ್ಯಾಡನ್ನು ಗುರುತಿಸದೇ ಇರಬಹುದು. ಲಾಕ್ ಆಗಿ ಒಂದು ಗಂಟೆ ಕಳೆದ ಮೇಲೆ ಐಪ್ಯಾಡ್ ಕೇಬಲ್ ಮೂಲಕ ಡೇಟಾ ಕೊಡುವುದನ್ನು ನಿಲ್ಲಿಸುತ್ತದೆ. ಕೇಬಲ್ ಕೆಟ್ಟಿದೆ ಅಂತ ಹೊಸದು ಕೊಂಡುಬಿಡಬೇಡಿ.

6.4 ರಿಸ್ಟೋರ್ ಒತ್ತಿ, ಅಪ್‌ಡೇಟ್ ಅಲ್ಲ. ಕಂಪ್ಯೂಟರಿನಲ್ಲಿ 'ಅಪ್‌ಡೇಟ್', 'ರಿಸ್ಟೋರ್' ಎರಡೂ ಕಾಣುತ್ತವೆ. ಅಪ್‌ಡೇಟ್ ಮಾಡಿದರೆ ಡೇಟಾ ಜೊತೆ ಪಾಸ್‌ಕೋಡೂ ಹಾಗೇ ಉಳಿಯುತ್ತದೆ. ಬೇಕಾಗಿರುವುದು ರಿಸ್ಟೋರ್.

ಡೌನ್‌ಲೋಡ್ 15 ನಿಮಿಷಕ್ಕಿಂತ ಜಾಸ್ತಿ ಹಿಡಿದರೆ ಐಪ್ಯಾಡ್ ರಿಕವರಿ ಮೋಡಿನಿಂದ ಹೊರಗೆ ಬಂದುಬಿಡಬಹುದು. ಕೆಟ್ಟಿತು ಅಂದುಕೊಂಡು ಎಲ್ಲವನ್ನೂ ಮುಚ್ಚಿಬಿಡುವವರು ಬಹಳ. ಡೌನ್‌ಲೋಡ್ ಮುಗಿಯಲು ಬಿಡಿ, ಆಮೇಲೆ 6.2, 6.3 ಇನ್ನೊಮ್ಮೆ ಮಾಡಿ ರಿಸ್ಟೋರ್ ಒತ್ತಿ. ಈ ಸಲ ಫೈಲ್ ಕಂಪ್ಯೂಟರಿನಲ್ಲೇ ಇರುತ್ತದೆ.

6.5 ಎರರ್ ಬಂದರೆ. 9 ಅಥವಾ 4013 ಅಂತ ಬಂದರೆ ನಡುವೆ ಸಂಪರ್ಕ ಕಡಿದಿದೆ. ಕೇಬಲ್ ಬದಲಿಸಿ, ಬೇರೆ ಯುಎಸ್‌ಬಿ ಪೋರ್ಟಿಗೆ ಹಾಕಿ, ಹಬ್ ಬಳಸುತ್ತಿದ್ದರೆ ತೆಗೆದು ನೇರವಾಗಿ ಸಿಕ್ಕಿಸಿ. 3194 ಬಂದರೆ ಕಂಪ್ಯೂಟರಿಗೆ ಆಪಲ್ ಸರ್ವರ್ ಸಿಗುತ್ತಿಲ್ಲ. ಐಟ್ಯೂನ್ಸ್ ಹೊಸದು ಮಾಡಿ, ಬೇರೆ ವೈಫೈನಲ್ಲಿ ನೋಡಿ. ಆಫೀಸಿನ ಕಂಪ್ಯೂಟರಿನಲ್ಲಿ ಬಂದರೆ ಮನೆಯದರಲ್ಲಿ ಪ್ರಯತ್ನಿಸಿ.

## ಹಂತ 7: ಮತ್ತೆ ಆನ್ ಆದ ಮೇಲೆ

'ಹಲೋ' ಪರದೆ ಬರುತ್ತದೆ. ಭಾಷೆ, ವೈಫೈ ಆದ ಮೇಲೆ ಆಪಲ್ ಅಕೌಂಟ್ ಕೇಳುತ್ತದೆ. ಹಂತ 3ರ ಕೆಲಸ ಫಲ ಕೊಡುವುದು ಇಲ್ಲಿ. ಆಕ್ಟಿವೇಶನ್ ಲಾಕ್ ಪರದೆಯಲ್ಲಿ ಇಮೇಲಿನ ಮೊದಲ ಅಕ್ಷರದಂಥ ಸುಳಿವು ಕಾಣುತ್ತದೆ, ನೀವು ಅಂದುಕೊಂಡ ಇಮೇಲ್ ಅದೇನಾ ಅಂತ ಹೊಂದಿಸಿ ನೋಡಿ.

ಬ್ಯಾಕಪ್‌ನಿಂದ ತರುವ ಆಯ್ಕೆಯನ್ನು ಈ ಸೆಟಪ್ ನಡೆಯುವಾಗಲೇ ಆರಿಸಬೇಕು. ಹಾರಿಸಿ ಮುಂದೆ ಹೋದರೆ ಮತ್ತೆ ಅಳಿಸಿ ಶುರು ಮಾಡಬೇಕಾಗುತ್ತದೆ. ಕಂಪ್ಯೂಟರಿನ ಬ್ಯಾಕಪ್‌ಗೆ ಬೇರೆ ಪಾಸ್‌ವರ್ಡ್ ಹಾಕಿದ್ದರೆ ಅದನ್ನೂ ಕೇಳುತ್ತದೆ. ಅದು ಪಾಸ್‌ಕೋಡಲ್ಲ, ಅಕೌಂಟಿನದೂ ಅಲ್ಲ. ಆ್ಯಪ್‌ಗಳು, ಫೋಟೊಗಳು ನಿಧಾನಕ್ಕೆ ಇಳಿಯುತ್ತವೆ. ಚಾರ್ಜಿಗೆ ಹಾಕಿ ಬಿಡಿ, ಮಾರನೇ ದಿನ ನೋಡಿ.

## ಹಣ ಕೇಳುವವರ ಬಗ್ಗೆ ಎಚ್ಚರ

'ಡೇಟಾ ಹೋಗದೆ ಅನ್‌ಲಾಕ್' ಅಂತ ಜಾಹೀರಾತು ಹಾಕುವ ಸಾಫ್ಟ್‌ವೇರ್‌ಗಳಿಗೆ ದುಡ್ಡು ಕೊಡಬೇಡಿ. ಹೆಚ್ಚಿನವು ಕೊನೆಗೆ ಮಾಡುವುದು ಹಂತ 6ರ ಕೆಲಸವನ್ನೇ. ಅದು ನಿಮಗೆ ಪುಕ್ಕಟೆ ಸಿಗುತ್ತದೆ.

ಅದಕ್ಕಿಂತ ಅಪಾಯ ಅಂದರೆ ಗೂಗಲ್‌ನಲ್ಲಿ ಹುಡುಕಿದಾಗ ಸಿಗುವ ನಕಲಿ ಕಸ್ಟಮರ್ ಕೇರ್ ನಂಬರ್‌ಗಳು. ಒಟಿಪಿ ಕೇಳಿದರೆ, ಸ್ಕ್ರೀನ್ ಹಂಚಿಕೊಳ್ಳುವ ಆ್ಯಪ್ ಹಾಕಿಸಿದರೆ, ಯುಪಿಐಯಲ್ಲಿ ಮೊದಲೇ ಹಣ ಕಳಿಸಿ ಅಂದರೆ ಫೋನ್ ಇಟ್ಟುಬಿಡಿ. ಆಪಲ್‌ನವರು ನಿಮ್ಮ ಪಾಸ್‌ವರ್ಡ್ ಅಥವಾ ಕೋಡ್ ಕೇಳುವುದಿಲ್ಲ. ಹಣ ಹೋಗಿಬಿಟ್ಟಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.

## ಹೊಸ ಪಾಸ್‌ಕೋಡ್ ಇಟ್ಟ ಮೊದಲ ವಾರ

ಬೆರಳು, ಮುಖ ಎರಡನ್ನೂ ಮೂರ್ನಾಲ್ಕು ದಿನ ಆನ್ ಮಾಡಬೇಡಿ. ಪ್ರತಿ ಸಲ ಅಂಕಿ ಒತ್ತಿಯೇ ತೆರೆಯಿರಿ. ಬೆರಳಿಟ್ಟೇ ತೆರೆಯುತ್ತಿದ್ದರೆ ಅಂಕಿ ಕೈಗೆ ಹತ್ತುವುದೇ ಇಲ್ಲ, ಹೆಚ್ಚಿನವರು ಮರೆಯುವುದು ಅದರಿಂದಲೇ.

ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಹೆಸರು ಒತ್ತಿ, 'ಸೈನ್ ಇನ್ ಆ್ಯಂಡ್ ಸೆಕ್ಯುರಿಟಿ' ಒಳಗೆ ರಿಕವರಿ ಕಾಂಟ್ಯಾಕ್ಟ್ ಹಾಕಿ. ಐಫೋನ್ ಅಥವಾ ಐಪ್ಯಾಡ್ ಇರುವ ನಂಬಿಕಸ್ತರು ಯಾರಾದರೂ ಆಗಬಹುದು. ಅಕೌಂಟ್ ಪಾಸ್‌ವರ್ಡ್ ಮರೆತಾಗ ಅವರ ಫೋನಿನಲ್ಲಿ ಬರುವ ಕೋಡ್ ನಿಮ್ಮನ್ನು ಒಳಗೆ ಬಿಡಲು ನೆರವಾಗುತ್ತದೆ. ನಿಮ್ಮ ಫೋಟೊ, ಮೆಸೇಜ್ ಅವರಿಗೆ ಕಾಣುವುದಿಲ್ಲ. ಅತ್ತಿಗೆ ತಮ್ಮ ತಂಗಿಯನ್ನು ಹಾಕಿಕೊಂಡಿದ್ದಾರೆ, ಅದೂ ಅದೇ ಕಟ್ಟೆಯ ಮೇಲೆ, ಅದೇ ಸಂಜೆ.